ದೂರೇನಿಲ್ಲ ಎಂದು ಬರೆದ ಹನ್ನೊಂದು ಹಾಳೆ

ವರ್ನೀಟಾ ಸೈಕ್ಸ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮಾಂಟ್‌ಗೊಮರಿಯಲ್ಲಿ ಅವಳನ್ನು ಬಲ್ಲವರೆಲ್ಲ ಹೇಳುತ್ತಾರೆ. ಅದು ಸುಳ್ಳಲ್ಲ. ಬಸ್ಸು ತಡವಾದರೆ ಸಿಟ್ಟು, ಪಾದ್ರಿಯ ಉಪದೇಶ ಉದ್ದವಾದರೆ ಸಿಟ್ಟು, ಚರ್ಚಿನ ಅಡುಗೆಮನೆಯಲ್ಲಿ ಯಾರಾದರೂ ಮೆಕ್ಕೆಜೋಳದ ಬ್ರೆಡ್ಡಿಗೆ ಸಕ್ಕರೆ ಹಾಕಿದರಂತೂ ಅವರ ಗತಿ ಕೇಳಬೇಡಿ. ಆದರೆ ಅಂಥ ಸಿಟ್ಟೆಲ್ಲ ಬಂದ ಹಾಗೇ ಹೋಗುತ್ತಿತ್ತು. ಎರಡು ಸಾವಿರದ ಎಂಟರ ಜೂನ್ ತಿಂಗಳ ಒಂದು ಭಾನುವಾರ, ಅವಳ ಐವತ್ತೇಳನೇ ವಯಸ್ಸಿನಲ್ಲಿ ಬಂದ ಸಿಟ್ಟು ಮಾತ್ರ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ. ಹೋಗಬಾರದು ಕೂಡ.

ಅವಳ ತಾಯಿ ಅರ್ಲಿ ಮೇ ಗರ್ಭಕೋಶದ ಕ್ಯಾನ್ಸರಿನಿಂದ ಸತ್ತಳು. ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಎರಡು ವರ್ಷ ಹಳೆ ಬಟ್ಟೆ ಮಡಿಸಿ ಕಟ್ಟಿಕೊಂಡು ಬೇರೆಯವರ ಮನೆಯ ನೆಲ ಒರೆಸಿದಳು. ಆ ಎರಡು ವರ್ಷದಲ್ಲಿ ಮೂರು ಸಲ ಬಡವರ ದವಾಖಾನೆಗೆ ಹೋಗಿದ್ದಳು. ಬಿಳಿಯ ಡಾಕ್ಟರು ಹೇಗಿದ್ದೀಯ ಎಂದು ಕೇಳಿದಾಗೆಲ್ಲ ಅವಳು ಹೇಳಿದ್ದು, ದೇವರ ದಯೆ, ಚೆನ್ನಾಗಿದೀನಿ, ದೂರೋದಕ್ಕೇನೂ ಇಲ್ಲ. ಹೇಗಿದ್ದೀರಿ ಎಂದವರಿಗೆ ಅವರ ಕಪ್ಪು ಜನ ಹೇಳುವುದೇ ಹಾಗೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಮೊದಲು ಅದನ್ನು ಹೇಳಬೇಕು. ಆಮೇಲೆ ಕೇಳಿದವರು ಕೂತು, ಕೈ ಹಿಡಿದು, ಮತ್ತೊಮ್ಮೆ ಕೇಳಿದರೆ ನಿಜ ಹೇಳಬೇಕು. ಆ ಡಾಕ್ಟರು ಕೂರಲೂ ಇಲ್ಲ, ಮತ್ತೊಮ್ಮೆ ಕೇಳಲೂ ಇಲ್ಲ.

ಆಗ ವರ್ನೀಟಾಗೆ ಇಪ್ಪತ್ಮೂರು ವರ್ಷ, ಬನಿಯನ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಅದನ್ನು ಬಿಟ್ಟು ನರ್ಸಿಂಗ್ ಶಾಲೆ ಸೇರಿದಳು. ಎರಡನೇ ವರ್ಷ ಅದೇ ದವಾಖಾನೆಯಲ್ಲಿ ಕಲಿಕೆಗೆ ಹಾಕಿದಾಗ ಹಳೆಯ ಕಾಗದಗಳ ಪೆಟ್ಟಿಗೆಯಲ್ಲಿ ತಾಯಿಯ ಚೀಟಿ ಹುಡುಕಿ ತೆಗೆದಳು. ಮೂರು ತಾರೀಖು ಇದ್ದವು. ಮೂರರ ಮುಂದೆಯೂ ಒಂದೇ ಮಾತು: ದೂರೇನಿಲ್ಲ. ಆ ಚೀಟಿಯನ್ನು ಕದ್ದು ಮನೆಗೆ ತಂದಳು. ಕದ್ದೆ ಎಂದೇ ಎಲ್ಲರಿಗೂ ಹೇಳುತ್ತಾಳೆ, ಅದರಲ್ಲಿ ಅವಳಿಗೆ ಮುಜುಗರವಿಲ್ಲ.

ಮೂವತ್ತು ವರ್ಷ ನರ್ಸ್ ಆಗಿ ದುಡಿದ ಮೇಲೆ ಗುಡ್ಡದ ಮೇಲಿನ ದೊಡ್ಡ ಆಸ್ಪತ್ರೆಯವರು ಅವಳನ್ನು ಸಂಶೋಧನೆಯ ವಿಭಾಗಕ್ಕೆ ಕರೆದರು. ಗರ್ಭಕೋಶದ ಕ್ಯಾನ್ಸರ್ ಒಮ್ಮೆ ಹೋಗಿ ಮತ್ತೆ ಬಂದವರಿಗೆ ಹೊಸ ಔಷಧಿಯೊಂದನ್ನು ಕೊಟ್ಟು ನೋಡುವ ಪ್ರಯೋಗ ಅದು. ಮೂರು ವಾರಕ್ಕೊಮ್ಮೆ ಡ್ರಿಪ್. ಈ ಕಾಯಿಲೆಯಲ್ಲಿ ಕಪ್ಪು ಹೆಂಗಸರೇ ಹೆಚ್ಚು ಸಾಯುತ್ತಾರೆ, ಪ್ರಯೋಗಗಳಿಗೆ ಮಾತ್ರ ಅವರು ಸೇರುವುದಿಲ್ಲ ಎಂದು ದೊಡ್ಡ ಡಾಕ್ಟರು ವಿಟ್ಕಂಬ್ ಬಹಳ ಬೇಸರದಿಂದ ಹೇಳಿದರು. ಯಾಕೆ ಸೇರುತ್ತಾರೆ? ನಲವತ್ತು ಮೈಲಿ ಆಚೆ ಟಸ್ಕೀಗಿಯಲ್ಲಿ ಔಷಧಿ ಇದ್ದೂ ಕೊಡದೆ ಕಪ್ಪು ಗಂಡಸರು ಸಾಯುವುದನ್ನು ಸರ್ಕಾರವೇ ನಲವತ್ತು ವರ್ಷ ನೋಡುತ್ತ ಕೂತಿತ್ತು. ಅದಕ್ಕೂ ಎಷ್ಟೋ ಮುಂಚೆ ಇದೇ ಮಾಂಟ್‌ಗೊಮರಿಯಲ್ಲಿ ಒಬ್ಬ ವೈದ್ಯ ಗುಲಾಮ ಹೆಂಗಸರ ಮೇಲೆ ಅರಿವಳಿಕೆಯೂ ಇಲ್ಲದೆ ಕತ್ತಿ ಆಡಿಸಿ ಸ್ತ್ರೀರೋಗ ಶಾಸ್ತ್ರದ ಪಿತಾಮಹ ಎನಿಸಿಕೊಂಡ. ಅವನ ಪ್ರತಿಮೆ ಶಾಸನಸಭೆಯ ಅಂಗಳದಲ್ಲಿ ನಿಂತಿದೆ. ಬಸ್ಸಿನಲ್ಲಿ ಹೋಗುವಾಗ ವರ್ನೀಟಾ ಆ ಕಡೆ ಮುಖ ಮಾಡುವುದಿಲ್ಲ.

ಆದರೂ ಅವಳು ಚರ್ಚಿಂದ ಚರ್ಚಿಗೆ ಅಲೆದಳು. "ನಾನಿರ್ತೀನಿ. ನನ್ನ ಕಣ್ಮುಂದೆ ಯಾರೂ ನಿಮಗೆ ಮೋಸ ಮಾಡಕ್ಕಾಗಲ್ಲ," ಎಂದಳು. ಆ ಮಾತನ್ನು ನಂಬಿ ಮೊದಲು ಸಹಿ ಹಾಕಿದವರು ಅವಳದೇ ಮೌಂಟ್ ನೀಬೋ ಚರ್ಚಿನಲ್ಲಿ ನಲವತ್ತೊಂದು ವರ್ಷದಿಂದ ಆರ್ಗನ್ ನುಡಿಸುತ್ತಿದ್ದ ಮಿಸ್ ಒಜೆಲ್ಲಾ ಕ್ರೆನ್ಶಾ, ಅರವತ್ತೆಂಟು ವರ್ಷದವರು. ಅವರು ಸೇರಿದ್ದನ್ನು ನೋಡಿ ಇನ್ನೂ ಎಂಟು ಹೆಂಗಸರು ಬಂದರು. ಡಾಕ್ಟರು ವಿಟ್ಕಂಬ್ ಆ ಸಂತೋಷಕ್ಕೆ ಕೇಕ್ ತರಿಸಿದ್ದರು.

ಆ ಜೂನ್ ಭಾನುವಾರ, ಎರಡನೇ ಹಾಡಿನ ಮಧ್ಯೆ ಆರ್ಗನ್ ತಪ್ಪಿತು.

ಒಂದು ಸ್ವರ ಅಲ್ಲ, ಮೂರು ನಾಲ್ಕು. ಜನ ಏನೂ ಕೇಳಿಸದವರಂತೆ ದನಿ ಏರಿಸಿ ಹಾಡಿದರು, ತಪ್ಪನ್ನು ಹಾಡಿನಲ್ಲೇ ಮುಚ್ಚಿದರು. ಗಾಯಕರ ಸಾಲಿನಲ್ಲಿದ್ದ ವರ್ನೀಟಾ ಮಾತ್ರ ಹಾಡುವುದನ್ನು ನಿಲ್ಲಿಸಿದಳು. ಮಿಸ್ ಒಜೆಲ್ಲಾ ಬಗ್ಗಿ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು. ವರ್ನೀಟಾ ಹದಿನಾರು ವರ್ಷದ ಹುಡುಗಿಯಾಗಿದ್ದಾಗಿನಿಂದ ಕಂಡಂತೆ, ಕಣ್ಣು ಮುಚ್ಚಿ ತಲೆ ಎತ್ತಿ ನುಡಿಸುವ ಹೆಂಗಸು ಆಕೆ. ಬೆರಳು ಎಲ್ಲಿದೆ ಎಂದು ಅವರು ಯಾವತ್ತೂ ನೋಡಿದ್ದಿಲ್ಲ.

ಪ್ರಾರ್ಥನೆ ಮುಗಿದು ಊಟಕ್ಕೆ ಎಲ್ಲರೂ ಕೆಳಗಿನ ಹಾಲ್‌ಗೆ ಇಳಿದಾಗ ಅವರ ಕೈಯಿಂದ ತಟ್ಟೆ ಜಾರಿತು. ಕೋಳಿ, ಸೊಪ್ಪು ಎಲ್ಲ ನೆಲಕ್ಕೆ. ವರ್ನೀಟಾ ಅವರ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಮಿಸ್ ಒಜೆಲ್ಲಾ, ಕೈಗೇನಾಗಿದೆ?"

"ಏನಾಗಿದೆ, ಏನೂ ಇಲ್ಲ ಮಗಾ. ದೇವರ ದಯೆ, ಚೆನ್ನಾಗಿದೀನಿ."

"ಅಂಗಿ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿ, ನೋಡೋಣ."

"ಚರ್ಚಲ್ಲಿ ನಿಂತ್ಕೊಂಡು ಬಟ್ಟೆ ಬಿಚ್ಚು ಅಂತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಒಂದೇ ಗುಂಡಿ. ತೋಳಿಂದು."

ಮಿಸ್ ಒಜೆಲ್ಲಾ ನಕ್ಕರು. ಆಮೇಲೆ ನಗು ನಿಲ್ಲಿಸಿ ಗುಂಡಿಗೆ ಬೆರಳು ಹಾಕಿದರು. ಬೆರಳು ಗುಂಡಿಯ ಮೇಲೆ ಓಡಾಡಿತು, ಜಾರಿತು, ಪಕ್ಕದ ಬಟ್ಟೆ ಹಿಡಿಯಿತು. ಗುಂಡಿ ಎಲ್ಲಿದೆ ಎಂದು ಆ ಬೆರಳಿಗೆ ಗೊತ್ತೇ ಇರಲಿಲ್ಲ. ಎರಡು ನಿಮಿಷ ಪ್ರಯತ್ನಪಟ್ಟು ಕೈ ಕೆಳಗೆ ಬಿಟ್ಟರು.

"ಈಸ್ಟರ್ ಆದ್ಮೇಲೆ ನಾನೊಂದು ಗುಂಡಿನೂ ಹಾಕಿಲ್ಲ," ಎಂದರು. "ತಂಗಿ ಮಗಳು ಬಂದು ಹಾಕ್ತಾಳೆ. ಬೆರಳೆಲ್ಲ ಮರದ ತುಂಡು. ಕಾಲೂ ಅಷ್ಟೇ. ಹೋದ ತಿಂಗಳು ಒಂದು ಕಾಲಿನ ಚಪ್ಪಲಿ ಎಲ್ಲೋ ಬಿದ್ದೋಗಿದೆ, ಗೊತ್ತೇ ಆಗ್ದೆ ಅರ್ಧ ಬೀದಿ ನಡ್ದಿದೀನಿ. ಕಾರ್ ನಿಲ್ಲಿಸಿ ಯಾರೋ ಹೇಳಿದ್ರು."

ವರ್ನೀಟಾಗೆ ಮೈ ಉರಿದುಹೋಯಿತು. ಔಷಧಿ ನರಗಳನ್ನು ತಿನ್ನುತ್ತಿತ್ತು. ಮೊದಲೇ ಗೊತ್ತಾಗಿದ್ದರೆ ಔಷಧಿಯ ಪ್ರಮಾಣ ಇಳಿಸಿ ನರ ಉಳಿಸಬಹುದಿತ್ತು.

"ಹನ್ನೊಂದು ಸಲ ಡ್ರಿಪ್‌ಗೆ ಬಂದಿದೀರಿ. ಹನ್ನೊಂದು ಸಲಾನೂ ನಾನೇ ಕೇಳಿದೀನಿ. ಒಂದ್ಸಲನಾದ್ರೂ ಬಾಯಿ ಬಿಡಬಾರ್ದಿತ್ತಾ?"

"ನೀನು ಕೇಳಿದ್ದಾ?" ಮಿಸ್ ಒಜೆಲ್ಲಾ ದನಿ ಏರಿಸಲಿಲ್ಲ. "ನೀನು ಕೇಳಿದ್ದು, ಹೇಗಿದೀರಿ ಮಿಸ್ ಒಜೆಲ್ಲಾ ಅಂತ. ಕಣ್ಣು ಕಾಗದದ ಮೇಲೆ, ಕೈಲಿ ಪೆನ್ನು, ಬಾಗಿಲಲ್ಲಿ ಆ ಡಾಕ್ಟ್ರು ಗಡಿಯಾರ ನೋಡ್ಕೊಂಡು ನಿಂತಿರೋರು. ಹೇಗಿದೀರಿ ಅಂದ್ರೆ ಮರ್ಯಾದಸ್ಥರ ಮನೇಲಿ ಹುಟ್ಟಿದೋರು ಏನಂತಾರೆ? ನಿಮ್ಮಮ್ಮ ನಿಂಗೆ ಏನು ಹೇಳ್ಕೊಟ್ಟಿದ್ಲು?"

ವರ್ನೀಟಾ ಮುಖವನ್ನು ಬಾಗಿಲ ಕಡೆ ತಿರುಗಿಸಿದಳು.

"ಆ ಡಾಕ್ಟ್ರಿಗೆ ತಿಳಿಯಲ್ಲ, ಬಿಡು. ಆತ ನಮ್ಮೋನಲ್ಲ. ನೀನು ನಮ್ಮ ಹುಡುಗಿ. ಪೆನ್ನು ಕೆಳಗಿಟ್ಟು, ಪಕ್ಕ ಕೂತು, ಈಗ ನಿಜ ಹೇಳಿ ಅಂತ ಇನ್ನೊಂದ್ಸಲ ಕೇಳ್ತೀಯ ಅಂದ್ಕೊಂಡಿದ್ದೆ. ಹನ್ನೊಂದು ಸಲ ಕಾದೆ ಕಣೆ."

ಹೊರಗೆ ಹಾಲ್‌ನಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ಮಿಸ್ ಒಜೆಲ್ಲಾ ಒಲೆಗೆ ಒರಗಿ ನಿಂತು ಇನ್ನೂ ಒಂದು ಮಾತು ಸೇರಿಸಿದರು. "ಆಮೇಲೆ, ಹೇಳಿದ್ರೆ ಔಷಧಿ ನಿಲ್ಲಿಸಿಬಿಡ್ತಾರಂತಲ್ಲ. ಡ್ರಿಪ್ ಕೋಣೇಲಿ ಎಲ್ಲಾ ಹೆಂಗಸ್ರಿಗೂ ಗೊತ್ತು. ನನ್ನ ಗಡ್ಡೆ ಅರ್ಧ ಕರಗಿದೆ. ಯಾವ ಬಾಯಲ್ಲಿ ದೂರು ಹೇಳ್ಲಿ?"

"ನಿಲ್ಲಿಸಲ್ಲ. ಮೊದ್ಲು ಪ್ರಮಾಣ ಕಮ್ಮಿ ಮಾಡ್ತಾರೆ. ಒಪ್ಪಿಗೆ ಪತ್ರದ ಹತ್ತೊಂಬತ್ತನೇ ಪುಟದಲ್ಲಿ ಬರ್ದಿದೆ, ಸಹಿ ಹಾಕೋ ದಿನ ನಾನೇ ಓದಿದೀನಿ."

"ಆವತ್ತು ನಂಗೆ ಕ್ಯಾನ್ಸರ್ ವಾಪಸ್ ಬಂದಿದೆ ಅಂತ ಹೇಳಿ ಅರ್ಧ ಗಂಟೆ ಆಗಿತ್ತು. ನೀನು ನನ್ನ ಹೆಸರು ಓದಿದ್ರೂ ತಲೆಗೆ ಹೋಗ್ತಿರಲಿಲ್ಲ."

ಸೋಮವಾರ ಬೆಳಿಗ್ಗೆ ವರ್ನೀಟಾ ಆಸ್ಪತ್ರೆಗೆ ಹೋದವಳೇ ಕಪಾಟು ತೆಗೆದು ಮಿಸ್ ಒಜೆಲ್ಲಾ ಅವರ ಕಡತ ಮೇಜಿನ ಮೇಲೆ ಹಾಕಿದಳು. ಹನ್ನೊಂದು ಭೇಟಿ, ತೊಂದರೆ ಕೇಳಿ ಬರೆಯುವ ಹಾಳೆ ಹನ್ನೊಂದು. ಕೈಕಾಲು ಜೋಮು ಎಂಬ ಸಾಲಿನ ಮುಂದೆ ಹನ್ನೊಂದು ಸೊನ್ನೆ. ಕೆಳಗೆ ಅವಳದೇ ದುಂಡಗಿನ ಅಕ್ಷರದಲ್ಲಿ ಹನ್ನೊಂದು ಸಲ: ದೂರೇನಿಲ್ಲ.

ತಾಯಿಯ ಚೀಟಿಯಲ್ಲಿದ್ದದ್ದು ಮೂರು. ಅದನ್ನು ಬರೆದ ಡಾಕ್ಟರನ್ನು ಅವಳು ಮೂವತ್ತು ವರ್ಷ ದಿನಾ ಶಪಿಸಿದ್ದಳು. ಅವನಿಗೆ ತಮ್ಮ ಜನರ ರೀತಿನೀತಿ ತಿಳಿಯದು ಎಂಬ ಒಂದು ನೆಪವಾದರೂ ಇತ್ತು. ಇವಳಿಗೆ ಯಾವ ನೆಪ? ದಿನಕ್ಕೆ ಆರು ರೋಗಿಗಳು, ಒಬ್ಬೊಬ್ಬರಿಗೂ ಒಂಬತ್ತು ಪುಟ, ಕಾಗದ ಕಳುಹಿಸಲು ತಡವಾದರೆ ಮೇಲಿನವರ ಕಿರಿಕಿರಿ. ಕಾರಣಗಳಿಗೇನು, ಬೇಕಾದಷ್ಟಿದ್ದವು. ಅವಳಿಗೆ ಅವುಗಳ ಮುಖಕ್ಕೆ ಉಗಿಯಬೇಕೆನಿಸಿತು.

ಉಳಿದ ಎಂಟು ಹೆಂಗಸರ ಕಡತ ತೆಗೆದಳು. ಎಂಟರಲ್ಲೂ ಸೊನ್ನೆ. ಬಾಗಿಲು ಹಾಕಿಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಹೇಗಿದ್ದೀರಿ ಎಂದು ಯಾರನ್ನೂ ಕೇಳಲಿಲ್ಲ. ಅಂಗಿಯ ಗುಂಡಿ ಯಾರು ಹಾಕುತ್ತಾರೆ? ಸ್ನಾನದ ನೀರು ಬಿಸಿಯೋ ತಣ್ಣಗೋ ಎಂದು ಕಾಲಿಗೆ ತಿಳಿಯುತ್ತದೆಯೇ? ಮೇಜಿನ ಮೇಲೆ ಬಿದ್ದ ಚಿಕ್ಕ ನಾಣ್ಯ ಎತ್ತಬಲ್ಲಿರಾ? ಒಬ್ಬಾಕೆ, "ನಿಂಗೆ ಯಾರು ಹೇಳಿದ್ರು?" ಎಂದಳು. ಇನ್ನೊಬ್ಬಾಕೆ ಅಳತೊಡಗಿದಳು. ಅವಳು ಮೊಮ್ಮಗಳ ಜಡೆ ಹೆಣೆಯುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು, ಸೋಮಾರಿತನ ಎಂದು ಮಗಳು ಬೈಯುತ್ತಿದ್ದಳು. ಒಟ್ಟು ಒಂಬತ್ತರಲ್ಲಿ ಏಳು ಜನಕ್ಕೆ ಬೆರಳು ಸತ್ತಿತ್ತು.

ಡಾಕ್ಟರು ವಿಟ್ಕಂಬ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಮಾತು ಮೆದು, ಹುಟ್ಟುಹಬ್ಬಕ್ಕೆ ಎಲ್ಲರಿಗೂ ಕಾರ್ಡು. ಅವಳು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಒರೆಸಿದರು.

"ವರ್ನೀಟಾ, ಶುಕ್ರವಾರ ದಾಖಲೆಗಳಿಗೆ ಬೀಗ ಬೀಳುತ್ತೆ. ಆಮೇಲೆ ಒಂದು ಅಕ್ಷರಾನೂ ಬದಲಾಯಿಸೋ ಹಾಗಿಲ್ಲ. ಸಾರಾಂಶ ಆಗಲೇ ಸಮ್ಮೇಳನಕ್ಕೆ ಹೋಗಿದೆ."

"ಅದರಲ್ಲಿ ಏನಂತ ಬರ್ದಿದೀರಿ?"

"ಔಷಧಿಯನ್ನ ರೋಗಿಗಳು ಚೆನ್ನಾಗಿ ತಾಳಿಕೊಂಡ್ರು ಅಂತ. ಅಂಕಿಅಂಶ ಹಾಗೇ ಹೇಳುತ್ತೆ."

"ಅಂಕಿಅಂಶ ಹೇಳ್ತಿಲ್ಲ ಡಾಕ್ಟ್ರೇ, ನಾನು ಹೇಳ್ತಿದೀನಿ. ಅದು ನನ್ನ ಕೈಬರಹ. ಅದು ಸುಳ್ಳು."

"ನೀವು ಫೋನಲ್ಲಿ ಕೇಳಿದ್ದು ದಾಖಲೆ ಆಗಲ್ಲ. ಗುಂಡಿ, ನಾಣ್ಯ, ಇದೆಲ್ಲ ನಮ್ಮ ನಮೂನೆಯಲ್ಲೇ ಇಲ್ಲ. ಮುಂದಿನ ಪ್ರಯೋಗದಲ್ಲಿ ಖಂಡಿತ ಸೇರಿಸೋಣ, ಒಳ್ಳೆ ಸಲಹೆ."

"ಮುಂದಿನ ಪ್ರಯೋಗಕ್ಕೆ ಮಿಸ್ ಒಜೆಲ್ಲಾ ಬೆರಳು ಎಲ್ಲಿಂದ ತರ್ತೀರಿ?"

ಅವಳು ಬಾಗಿಲು ಬಡಿದುಕೊಂಡು ಹೊರಬಂದಳು. ಆ ಬಾಗಿಲಿಗೆ ನಿಧಾನವಾಗಿ ಮುಚ್ಚುವ ಸ್ಪ್ರಿಂಗ್ ಇದ್ದದ್ದರಿಂದ ಸದ್ದೇ ಆಗಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಸಂಶೋಧನೆಯ ಕಾಗದದಲ್ಲಿ ತಪ್ಪು ತಿದ್ದುವುದಕ್ಕೆ ಒಂದೇ ಕ್ರಮ. ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣುತ್ತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ಇವತ್ತಿನ ತಾರೀಖು, ಸಹಿ, ಕಾರಣ. ಹೀಗೆ ತಿದ್ದಿದ ಪ್ರತಿ ಭೇಟಿಗೂ ಹಾಳೆಯ ಕೆಳಗೆ ದೊಡ್ಡ ಡಾಕ್ಟರ ಸಹಿಯೂ ಬೀಳಬೇಕು. ವರ್ನೀಟಾ ಈ ಕ್ರಮವನ್ನು ಎಷ್ಟೋ ಹೊಸ ಹುಡುಗಿಯರಿಗೆ ಕಲಿಸಿದ್ದಳು. ಮಂಗಳವಾರ, ಬುಧವಾರ ಎರಡೂ ಹಗಲು ಕೂತು ಆ ಏಳು ಹೆಂಗಸರ ಮನೆಯವರನ್ನೆಲ್ಲ ಮಾತಾಡಿಸಿ, ಯಾವ ತಿಂಗಳು ಜೋಮು ಶುರುವಾಯಿತು ಎಂದು ಗೊತ್ತುಮಾಡಿಕೊಂಡು, ಅಲ್ಲಿಂದ ಮುಂದಿನ ಒಂದೊಂದು ಸೊನ್ನೆಯ ಮೇಲೂ ಗೆರೆ ಎಳೆದಳು. ಕಾರಣ ಎಂಬ ಜಾಗದಲ್ಲಿ ಎಲ್ಲ ಹಾಳೆಗೂ ಒಂದೇ ಮಾತು ಬರೆದಳು: "ರೋಗಿ ಮರ್ಯಾದೆಗೆ ಹೇಳಿದ್ದನ್ನು ನಾನು ಉತ್ತರವೆಂದು ಬರೆದೆ. ಮರ್ಯಾದೆ ಎಂದು ನನಗೆ ಗೊತ್ತಿತ್ತು. ತಪ್ಪು ನನ್ನದು."

"ಇದರ ಮೇಲೆ ತನಿಖೆ ಬರುತ್ತೆ, ನಿಮ್ಮ ಹೆಸರಲ್ಲೇ ಬರುತ್ತೆ," ಎಂದು ಪಕ್ಕದ ಮೇಜಿನ ಗುಮಾಸ್ತೆ ಎಚ್ಚರಿಸಿದಳು.

"ಬರ್ಲಿ. ನನ್ನ ಹೆಸರು ಸರಿಯಾಗಿ ಬರ್ಕೊಳ್ಳಕ್ಕೆ ಹೇಳು."

ಗುರುವಾರ ಮಿಸ್ ಒಜೆಲ್ಲಾ ಅವರ ಹನ್ನೆರಡನೇ ಡ್ರಿಪ್. ಡಾಕ್ಟರು ವಿಟ್ಕಂಬ್ ಎಂದಿನಂತೆ ಬಾಗಿಲಲ್ಲಿ ನಿಂತು ಹೇಗಿದ್ದೀರಿ ಎನ್ನಲು ಬಾಯಿ ತೆರೆದರು. ವರ್ನೀಟಾ ಅಡ್ಡ ಬಂದಳು.

"ಅದನ್ನ ಕೇಳ್ಬೇಡಿ ಡಾಕ್ಟ್ರೇ. ಒಳಗೆ ಬನ್ನಿ, ಕೂತ್ಕೊಳಿ."

ಅವರು ಕೂತರು. ಅವಳು ತನ್ನ ಜೇಬಿನಿಂದ ಅತಿ ಚಿಕ್ಕ ನಾಣ್ಯವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. "ಮಿಸ್ ಒಜೆಲ್ಲಾ, ಇದನ್ನ ಎತ್ತಿ."

ಮಿಸ್ ಒಜೆಲ್ಲಾ ಎರಡು ಬೆರಳು ಚಾಚಿದರು. ನಾಣ್ಯ ಮೇಜಿನ ಉದ್ದಕ್ಕೂ ಜಾರಿತು. ಮತ್ತೆ ಚಾಚಿದರು. ಬೆರಳು ನಾಣ್ಯವನ್ನು ದಾಟಿ ಬರೀ ಮೇಜನ್ನು ಚಿವುಟಿತು, ಚಿವುಟಿದ್ದೂ ಅವರಿಗೆ ಗೊತ್ತಾಗಲಿಲ್ಲ. ಸಿಕ್ಕಿತು ಎಂದುಕೊಂಡು ಕೈ ಎತ್ತಿ, ಅಂಗೈ ತಿರುಗಿಸಿ ನೋಡಿದರು. ಖಾಲಿ. ಮೂರನೇ ಸಲ ನಾಣ್ಯ ಅಂಚಿನಿಂದ ಕೆಳಗೆ ಬಿತ್ತು. ಡಾಕ್ಟರು ಬಗ್ಗಿ ಅದನ್ನು ಥಟ್ಟನೆ ಎತ್ತಿಕೊಟ್ಟರು.

"ನಿಮ್ಮ ಬೆರಳು ಚೆನ್ನಾಗಿದಾವಲ್ಲ ಡಾಕ್ಟ್ರೇ," ಎಂದರು ಮಿಸ್ ಒಜೆಲ್ಲಾ. "ಸಹಿ ಹಾಕಕ್ಕೆ ಅಷ್ಟು ಸಾಕು."

ವಿಟ್ಕಂಬ್ ಮುಖ ಕೆಂಪಾಯಿತು. ತಿದ್ದಿದ ಹಾಳೆಗಳ ಕಟ್ಟನ್ನು ವರ್ನೀಟಾ ಅವರ ಮುಂದೆ ಇಟ್ಟಳು. ಮೊದಲನೆಯದರ ಮೇಲಿನ ಕಾರಣವನ್ನು ಅವರು ಎರಡು ಸಲ ಓದಿದರು. "ಇಷ್ಟು ಕಟುವಾಗಿ ಬರೀಬೇಕಿತ್ತಾ?" ಎಂದರು. ಅವಳು ಪೆನ್ನು ಚಾಚಿದಳು. ಸಹಿ ಹಾಕಿ ಮುಗಿಸುವವರೆಗೂ ಅವಳು ಅಲ್ಲೇ ನಿಂತಿದ್ದಳು, ಮಿಸ್ ಒಜೆಲ್ಲಾ ಕೂಡ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ಅವತ್ತೇ ಏಳು ಹೆಂಗಸರಿಗೂ ಔಷಧಿಯ ಪ್ರಮಾಣ ಇಳಿಯಿತು. ಯಾರಿಗೂ ನಿಲ್ಲಿಸಲಿಲ್ಲ. ತನಿಖೆಯೂ ಬಂತು, ಆರು ವಾರ ನಡೆಯಿತು. ವರ್ನೀಟಾಳನ್ನು ಸಂಶೋಧನೆಯಿಂದ ತೆಗೆದು ಸಾಮಾನ್ಯ ವಾರ್ಡಿಗೆ ಹಾಕಿದರು. ನಿರ್ಲಕ್ಷ್ಯ ಎಂದು ಆದೇಶದಲ್ಲಿ ಬರೆದಿದ್ದರು. ಆ ಪದ ಸರಿಯಾಗಿದೆ ಎಂದು ಹೇಳಿ ಸಹಿ ಮಾಡಿದಳು. ಆದರೆ ಆ ನಮೂನೆ ತಯಾರಿಸಿದವರಿಗೆ, ಅದಕ್ಕೆ ಒಪ್ಪಿಗೆ ಕೊಟ್ಟವರಿಗೆ, ಸೊನ್ನೆಗಳನ್ನು ನೋಡಿ ಖುಷಿಪಟ್ಟವರಿಗೆ ಅಂಥ ಆದೇಶ ಯಾಕೆ ಹೋಗಲಿಲ್ಲ ಎಂದು ಅವಳು ಕೇಳಿದ್ದಕ್ಕೆ ಇವತ್ತಿನವರೆಗೂ ಯಾರೂ ಉತ್ತರ ಕೊಟ್ಟಿಲ್ಲ.

ಮರುವರ್ಷ ವಸಂತದಲ್ಲಿ ಲೇಖನ ಅಚ್ಚಾಯಿತು. ಚೆನ್ನಾಗಿ ತಾಳಿಕೊಂಡರು ಎಂಬುದು ಈಗ ಬಹುಪಾಲು ತಾಳಿಕೊಂಡರು ಎಂದಾಗಿತ್ತು. ವರ್ನೀಟಾ ಅದನ್ನು ಚರ್ಚಿಗೆ ತಂದು ಆರ್ಗನ್ ಪಕ್ಕದ ಕೋಣೆಯಲ್ಲಿ ಮಿಸ್ ಒಜೆಲ್ಲಾ ಮುಂದೆ ಹಿಡಿದಳು. ಹಿಂದಿನ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದ ಪಟ್ಟಿಯಲ್ಲಿ, ಕೈಕಾಲು ಜೋಮು ಎಂಬುದರ ಮುಂದಿನ ಅಂಕಿ ತೋರಿಸಿದಳು.

"ಇದರಲ್ಲಿ ನಾನಿದೀನಾ?"

"ನೀವೂ ಇದೀರಿ, ನಮ್ಮೂರಿನ ಉಳಿದ ಆರು ಜನಾನೂ ಇದಾರೆ. ಮೊದಲು ಅಲ್ಲಿ ಸೊನ್ನೆ ಇತ್ತು."

ಮಿಸ್ ಒಜೆಲ್ಲಾ ಆ ಅಂಕಿಯ ಮೇಲೆ ಬೆರಳಿಟ್ಟರು. ಕಾಗದದ ಸ್ಪರ್ಶ ಆ ಬೆರಳಿಗೆ ತಿಳಿಯುತ್ತಿರಲಿಲ್ಲ, ಆದರೂ ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದರು. ಗಡ್ಡೆ ಕರಗಿತ್ತು, ಜೀವ ಉಳಿದಿತ್ತು. ಬಲಗೈಯ ಎರಡು ಬೆರಳಿಗೆ ಮಾತ್ರ ಚೂರು ಚೇತನ ಮರಳಿತ್ತು. ಅವರು ಈಗ ಆ ಎರಡು ಬೆರಳಲ್ಲಿ ಬರುವಷ್ಟನ್ನು ನುಡಿಸುತ್ತಾರೆ, ಉಳಿದದ್ದನ್ನು ಪಾದ್ರಿಯ ಸೊಸೆ ಪಕ್ಕದಲ್ಲಿ ಕೂತು ನುಡಿಸುತ್ತಾಳೆ.

"ನಾನು ನಿನ್ನ ಕ್ಷಮಿಸಿಲ್ಲ," ಎಂದರು.

"ಗೊತ್ತು ಮಿಸ್ ಒಜೆಲ್ಲಾ."

"ಗೊತ್ತಿರ್ಲಿ. ನಿಂತ್ಕೊಂಡು ಏನು ನೋಡ್ತೀಯ, ಗುಂಡಿ ಹಾಕು."

ಆರ್ಗನ್ ನುಡಿಸುವವರ ನೀಲಿ ನಿಲುವಂಗಿಗೆ ಕುತ್ತಿಗೆಯಿಂದ ಸೊಂಟದವರೆಗೆ ಒಂಬತ್ತು ಗುಂಡಿ. ಅಂದಿನಿಂದ ಪ್ರತಿ ಭಾನುವಾರ ಅದನ್ನು ಹಾಕುವುದು ವರ್ನೀಟಾ. ಅವಳು ಅವರ ಎದುರು ಮಂಡಿಯೂರಿ ಕೂರುತ್ತಾಳೆ. ಹೇಗಿದ್ದೀರಿ ಎಂದು ಒಮ್ಮೆ ಕೇಳುತ್ತಾಳೆ.

"ದೇವರ ದಯೆ, ಚೆನ್ನಾಗಿದೀನಿ," ಎನ್ನುತ್ತಾರೆ ಮಿಸ್ ಒಜೆಲ್ಲಾ.

ವರ್ನೀಟಾ ಮೊದಲ ಗುಂಡಿ ಹಾಕಿ, ತಲೆ ಎತ್ತಿ ಮತ್ತೊಮ್ಮೆ ಕೇಳುತ್ತಾಳೆ. ಆಗ ಮಿಸ್ ಒಜೆಲ್ಲಾ ಹೇಳಲು ಶುರುಮಾಡುತ್ತಾರೆ. ಉಳಿದ ಎಂಟು ಗುಂಡಿ ಮುಗಿದರೂ ಅವರ ಮಾತು ಮುಗಿದಿರುವುದಿಲ್ಲ, ಹೊರಗೆ ಜನ ಹಾಡಿಗೆ ಎದ್ದು ನಿಂತಿರುತ್ತಾರೆ, ವರ್ನೀಟಾ ಎದ್ದೇಳುವುದಿಲ್ಲ.